ಗಾಡಿ ಮಾತು: ಮಕ್ಕಳ ಕೈಗೆ ಕ್ವಾಡ್ ಬೈಕ್ ಕೊಡುವ ಮೊದಲು

ಈ ತಿಂಗಳು ಸ್ಕೂಟರು, ಕಾರು ಬಿಟ್ಟು ಎಲ್ಲರೂ ಎಟಿವಿ ಹಿಂದೆ ಬಿದ್ದಿದ್ದಾರೆ. ಆಶ್ಚರ್ಯ ಇಲ್ಲ. ಮಕ್ಕಳಿಗೆ ಬೇಸಿಗೆ ರಜೆ, ಗಲ್ಫಿನವರು ಊರಿಗೆ ಬರುವ ಹೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾಲ್ಕು ದಪ್ಪ ಟೈರು, ಬೈಕಿನ ಹಾಗೆ ಆಚೀಚೆ ಕಾಲು ಹಾಕಿ ಕೂರುವ ಸೀಟು, ಬೈಕಿನದೇ ಹ್ಯಾಂಡಲ್. ಕ್ವಾಡ್ ಬೈಕ್ ಅಂತಲೂ ಹೇಳುತ್ತಾರೆ. ಡ್ರೈವಿಂಗ್ ಸ್ಕೂಲಿಗೆ ಬರುವ ಮೊದಲು ನಾನು ಶಾರ್ಜಾ ಕಡೆಯ ಮರಳುಗಾಡಿನ ಕ್ಯಾಂಪೊಂದರಲ್ಲಿ ಈ ಗಾಡಿಗಳಿಗೆ ಗ್ರೀಸ್ ಹಚ್ಚಿ, ಪ್ರವಾಸಿಗರನ್ನು ಹತ್ತಿಸಿ ಇಳಿಸಿ ಬದುಕಿದವನು. ಹಾಗಾಗಿ ಸಂಪಾದಕರು ಪತ್ರಗಳ ಕಟ್ಟನ್ನು ಹಾಗೇ ನನ್ನ ಕಡೆ ತಳ್ಳಿದ್ದಾರೆ.

*ಪ್ರಶ್ನೆ: ಕತಾರಿನಲ್ಲಿರುವ ನನ್ನ ತಮ್ಮ ಊರಿಗೆ ಬಂದವನು ಅಳಿಯನಿಗೆ ಅಂತ 110 ಸಿಸಿಯ ಕ್ವಾಡ್ ಬೈಕ್ ತೆಗೆಸಿಕೊಟ್ಟು ವಾಪಸು ಹೋಗಿದ್ದಾನೆ. ಮಗನಿಗೆ 11 ವರ್ಷ. "ನಮ್ಮದೇ ಜಾಗ, ನಾಲ್ಕು ಚಕ್ರ ಉಂಟು, ಬೀಳುವುದು ಎಲ್ಲಿಂದ?" ಅಂತ ಇವರು ಕೇಳುತ್ತಾರೆ. ನನಗೆ ಹೆದರಿಕೆ. ಕಲಿಸುವುದಾದರೆ ಹೇಗೆ ಕಲಿಸಬೇಕು?*
*– ಒಬ್ಬ ತಾಯಿ, ಪೆರ್ಲ*

ಅಕ್ಕಾ, ಹೆದರಿಕೆ ಇರುವುದು ಒಳ್ಳೆಯದೇ. ಭಾವನವರು ಹೇಳಿದ "ನಾಲ್ಕು ಚಕ್ರ ಉಂಟಲ್ಲ" ಎಂಬ ಮಾತೇ ಎಲ್ಲರನ್ನೂ ಕೆಡಿಸುವುದು. ನಿಂತಾಗ ಇದು ಬೀಳುವುದಿಲ್ಲ, ನಿಜ. ಸೈಕಲ್ ಬಾರದ ಮಗು ಕೂಡ ಹತ್ತಿ ಕೂತು ಹೊರಟುಬಿಡುತ್ತದೆ. ತೊಂದರೆ ಇರುವುದೇ ಅಲ್ಲಿ. ಸೈಕಲ್ ಕಲಿಯುವ ಹುಡುಗ ನಾಲ್ಕಾರು ಸಲ ಬಿದ್ದು, ಮೊಣಕಾಲು ತರಚಿಕೊಂಡು, ವೇಗ ಅಂದರೆ ಏನು ಅಂತ ತಿಳಿದುಕೊಳ್ಳುತ್ತಾನೆ. ಕ್ವಾಡ್ ಆ ಸಣ್ಣ ಪಾಠ ಕೊಡುವುದೇ ಇಲ್ಲ. ಮೊದಲ ಸಲ ಮಗುಚುವಾಗಲೇ ಗಾಡಿ ಹುಡುಗನ ಮೇಲೆ ಬಿದ್ದಿರುತ್ತದೆ.

ಯಾಕೆ ಮಗುಚುತ್ತದೆ? ಮಕ್ಕಳ ಕ್ವಾಡ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಆಕ್ಸಲಿಗೆ ಬಿಗಿದಿರುತ್ತಾರೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಕಾರಿನಲ್ಲಿ ಇರುವಂಥ ಡಿಫರೆನ್ಷಿಯಲ್ ಇರುವುದಿಲ್ಲ. ತಿರುಗುವಾಗ ಹೊರಬದಿಯ ಚಕ್ರ ಜಾಸ್ತಿ ದೂರ ಓಡಬೇಕು, ಒಳಬದಿಯದು ಕಡಿಮೆ. ಎರಡೂ ಒಂದೇ ವೇಗದಲ್ಲಿ ತಿರುಗಿದರೆ ಗಾಡಿ ನೆಟ್ಟಗೆ ಹೋಗಲು ಹಟ ಮಾಡುತ್ತದೆ. ಸವಾರ ಮೈಯನ್ನು ಸ್ವಲ್ಪ ಮುಂದಕ್ಕೆ, ತಿರುವಿನ ಒಳಬದಿಗೆ ವಾಲಿಸಬೇಕು. ಸುಮ್ನೆ ಕುರ್ಚಿಯಲ್ಲಿ ಕೂತ ಹಾಗೆ ಕೂತು ಹ್ಯಾಂಡಲ್ ತಿರುಗಿಸಿದರೆ ಒಳಬದಿಯ ಚಕ್ರ ಮೇಲೇಳುತ್ತದೆ. ಅಂದರೆ ಓಡಿಸುವವನ ಮೈಭಾರವೂ ಗಾಡಿಯ ಒಂದು ಭಾಗ. ನಿಮ್ಮ ಹುಡುಗ 30 ಕೆಜಿ ಇದ್ದಾನೆ ಅಂದುಕೊಳ್ಳೋಣ. ಗಾಡಿ ಅವನ ಎರಡು ಮೂರು ಪಟ್ಟು ತೂಗುತ್ತದೆ. ಅವನು ವಾಲಿದರೆ ಅದಕ್ಕೆ ಗೊತ್ತೇ ಆಗದೆ ಇರಬಹುದು.

ಇದು ಹೊಸ ತಲೆನೋವಲ್ಲ. 1970ರಲ್ಲಿ ಹೋಂಡಾ ಕಂಪೆನಿ ಅಮೆರಿಕದಲ್ಲಿ ಮೂರು ಚಕ್ರದ ಎಟಿವಿಯನ್ನು ಮಾರಲು ಶುರು ಮಾಡಿತು. ಮಕ್ಕಳೂ ದೊಡ್ಡವರೂ ಎಷ್ಟು ಮಗುಚಿ ಬಿದ್ದರೆಂದರೆ, 1988ರಲ್ಲಿ ಅಲ್ಲಿನ ಸರಕಾರದ ಜೊತೆ ಒಪ್ಪಂದವಾಗಿ ಕಂಪೆನಿಗಳು ಹೊಸ ಮೂರು ಚಕ್ರದವನ್ನು ಮಾರುವುದನ್ನೇ ಬಿಟ್ಟವು. ನಾಲ್ಕನೇ ಚಕ್ರ ಬಂದ ಮೇಲಾದರೂ ಮಗುಚುವುದು ನಿಂತಿತೇ? ಇಲ್ಲ. ಆಸ್ಟ್ರೇಲಿಯಾದಲ್ಲಿ ರೈತರು ಇದನ್ನು ತೋಟ, ಕುರಿ, ದನ ಎಲ್ಲದಕ್ಕೂ ಬಳಸುತ್ತಾರೆ. ಅಡಿಗೆ ಸಿಕ್ಕಿ ಸತ್ತವರು ಬಹಳ. ಕೊನೆಗೆ 2021ರ ಅಕ್ಟೋಬರ್‌ನಿಂದ, ಕೆಲಸಕ್ಕೆ ಬಳಸುವ ಹೊಸ ಕ್ವಾಡ್ ಮಾರುವುದಾದರೆ ಸವಾರ ನಜ್ಜುಗುಜ್ಜಾಗದಂತೆ ತಡೆಯುವ ಕಮಾನಿನಂಥ ರಕ್ಷಣೆ ಇರಲೇಬೇಕು ಅಂತ ಕಾನೂನು ಬಂತು.

ವಯಸ್ಸಿನ ವಿಷಯದಲ್ಲಿ ಎರಡು ಮಾತಿದೆ. ಅಮೆರಿಕದ ಮಕ್ಕಳ ತಜ್ಞರ ಸಂಘ, 16 ತುಂಬದವರು ಎಟಿವಿ ಹತ್ತುವುದೇ ಬೇಡ ಅನ್ನುತ್ತದೆ. ಗಾಡಿ ಮಾಡುವವರು 6, 10, 12, 14, 16 ಅಂತ ವಯಸ್ಸಿಗೊಂದು ಅಳತೆ ಇಟ್ಟಿದ್ದಾರೆ. ಅಮೆರಿಕದ ನಿಯಮದಂತೆ ತಯಾರಾದ ಗಾಡಿಯಾದರೆ ಅದರ ಮೇಲೆ ಎಷ್ಟು ವರ್ಷದ ಮೇಲಿನವರಿಗೆ ಅಂತ ಸ್ಟಿಕ್ಕರ್ ಇರುತ್ತದೆ. ನಿಮ್ಮದರಲ್ಲಿ ಇದೆಯಾ ನೋಡಿ. ಜೊತೆಗೆ ಬಂದ ಪುಸ್ತಕ ಚೀನೀ ಭಾಷೆಯಲ್ಲೋ ಹರಕು ಇಂಗ್ಲಿಷಿನಲ್ಲೋ ಇರುತ್ತದೆ. ಮಲಯಾಳದಲ್ಲೇ ಇರುವುದಿಲ್ಲ, ಕನ್ನಡದ ಮಾತು ಬಿಡಿ. ಆದರೂ ಚಿತ್ರ ನೋಡಿಯಾದರೂ ಓದಿ.

ನನ್ನನ್ನು ಕೇಳಿದರೆ, 11ರ ಹುಡುಗನಿಗೆ ಒಂದು ಒಳ್ಳೆಯ ಸೈಕಲ್ ಸಾಕಿತ್ತು. ಆದರೆ ಗಾಡಿ ಅಂಗಳಕ್ಕೆ ಬಂದಾಗಿದೆ. ಕೀ ಅಡಗಿಸಿಟ್ಟರೆ ನೀವು ಪೇಟೆಗೆ ಹೋದ ದಿನ ಹುಡುಕಿ ತೆಗೆಯುತ್ತಾನೆ. ಅದಕ್ಕಿಂತ ಕಣ್ಣೆದುರು ಕಲಿಸುವುದೇ ವಾಸಿ. ಅದೂ ಗಾಡಿ ಅವನ ಅಳತೆಗೆ ಇದ್ದರೆ ಮಾತ್ರ.

ಅಳತೆ ನೋಡುವುದು ಸುಲಭ. ಇಂಜಿನ್ ಆಫ್ ಇರಲಿ. ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಲು ಹೇಳಿ. ಸೀಟಿಗೂ ಚಡ್ಡಿಗೂ ನಡುವೆ ಕನಿಷ್ಠ 3 ಇಂಚು ಜಾಗ ಇರಬೇಕು. ಕೂತಾಗ ಮೊಣಕಾಲು ಚೆನ್ನಾಗಿ ಮಡಚಿರಬೇಕು. ಹ್ಯಾಂಡಲನ್ನು ಒಂದು ಕಡೆ ಪೂರ್ತಿ ತಿರುಗಿಸಿದಾಗಲೂ ಎರಡೂ ಕೈ ಹಿಡಿಯಿಂದ ಬಿಡದೆ ಇರಬೇಕು. ಬೆರಳು ಬ್ರೇಕಿಗೆ ಆರಾಮವಾಗಿ ಎಟುಕಬೇಕು. ಎಟುಕದಿದ್ದರೆ "ಬೆಳೆಯುತ್ತಾನಲ್ಲ" ಅಂತ ಹೇಳಬೇಡಿ. ಬೆಳೆದ ಮೇಲೆ ಕೊಡಿ.

ಇನ್ನು ಎಕ್ಸಿಲೇಟರ್. ಬೈಕಿನ ಹಾಗೆ ಹಿಡಿ ತಿರುಚುವುದಲ್ಲ, ಬಲಗೈಯ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್. ಅದರ ಪೆಟ್ಟಿಗೆಯ ಪಕ್ಕದಲ್ಲಿ ಲಾಕ್ ನಟ್ ಹಾಕಿದ ಒಂದು ಸ್ಕ್ರೂ ಇರುತ್ತದೆ. ಮಕ್ಕಳ ಗಾಡಿಯಲ್ಲಿ ಇದು ಇದ್ದೇ ಇರಬೇಕು. ಒಳಕ್ಕೆ ತಿರುಗಿಸಿದಷ್ಟೂ ಲಿವರ್ ಕಡಿಮೆ ಹೋಗುತ್ತದೆ. ಮೊದಲಿಗೆ ನೀವು ಪಕ್ಕದಲ್ಲಿ ಬಿರುಸಾಗಿ ನಡೆದರೆ ಸರಿಗಟ್ಟುವಷ್ಟೇ ವೇಗ ಬರುವಂತೆ ಇಡಿ. ಹುಡುಗ ಗೋಗರೆಯುತ್ತಾನೆ. ಮಾವನಿಗೆ ವಾಟ್ಸಾಪಿನಲ್ಲಿ ದೂರೂ ಹೋಗುತ್ತದೆ. ಬಗ್ಗಬೇಡಿ. ಕೆಲವು ಗಾಡಿಗಳ ಹಿಂಬದಿಯಲ್ಲಿ ಒಂದು ಹಗ್ಗ ಸಿಕ್ಕಿಸುವ ಸ್ವಿಚ್ ಇರುತ್ತದೆ. ನೀವು ಹಗ್ಗ ಹಿಡಿದು ಹಿಂದೆ ನಡೆಯುವುದು, ಕೈಮೀರಿತು ಅನ್ನಿಸಿದಾಗ ಎಳೆಯುವುದು. ಇಂಜಿನ್ ಆಫ್. ನಿಮ್ಮದರಲ್ಲಿ ಇದ್ದರೆ ಅದೇ ದೊಡ್ಡ ಭಾಗ್ಯ.

ಈಗ ಮುಖ್ಯ ಪಾಠ. ಹೆದರಿದ ಮಗು ಏನು ಮಾಡುತ್ತದೆ? ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತದೆ. ಹ್ಯಾಂಡಲ್ ಬಿಗಿ ಹಿಡಿದಾಗ ಹೆಬ್ಬೆರಳೂ ಬಿಗಿಯಾಗಿ ಲಿವರ್ ಒತ್ತುತ್ತದೆ. ಗಾಡಿ ಮುನ್ನುಗ್ಗುತ್ತದೆ, ಹೆದರಿಕೆ ಜಾಸ್ತಿ ಆಗುತ್ತದೆ, ಇನ್ನೂ ಒತ್ತುತ್ತದೆ. ಕ್ಯಾಂಪಿನಲ್ಲಿ ದೊಡ್ಡ ದೊಡ್ಡ ಗಂಡಸರು ಹೀಗೆಯೇ ಮರಳುದಿಬ್ಬಕ್ಕೆ ಹೋಗಿ ಗುದ್ದುವುದನ್ನು ನೋಡಿದ್ದೇನೆ. ಬಾಯಿಂದ "ಸ್ಟಾಪ್, ಸ್ಟಾಪ್" ಅಂತ ಕಿರುಚುತ್ತಿದ್ದರು, ಹೆಬ್ಬೆರಳು ಮಾತ್ರ ಲಿವರ್ ಬಿಡುತ್ತಿರಲಿಲ್ಲ. ಹಾಗಾಗಿ ನಾನು ಕಲಿಸುವಾಗ ಹೇಳುವ ಮಾತು ಒಂದೇ: "ಹೆಬ್ಬೆರಳು!" ಅದನ್ನು ಕೇಳಿದ ತಕ್ಷಣ ಹೆಬ್ಬೆರಳು ಎತ್ತಿ, ಬ್ರೇಕ್ ಹಿಡಿದು, ಸ್ವಿಚ್ ಆಫ್ ಮಾಡಬೇಕು. ಇಂಜಿನ್ ಸ್ಟಾರ್ಟ್ ಮಾಡದೆ, ನಿಂತ ಗಾಡಿಯ ಮೇಲೆ ಕೂರಿಸಿ ಇದನ್ನು ಮಾಡಿಸಿ. ಕಣ್ಣು ಮುಚ್ಚಿಯೂ ಬೆರಳು ತಾನಾಗಿ ಬ್ರೇಕು, ಸ್ವಿಚ್ ಹುಡುಕುವ ತನಕ. ಊಟಕ್ಕೆ ಕೂತಾಗ ತಮಾಷೆಗೆ "ಹೆಬ್ಬೆರಳು" ಅಂದರೂ ಅವನ ಕೈ ಎದ್ದರೆ ಇಂಜಿನ್ ಸ್ಟಾರ್ಟ್ ಮಾಡಬಹುದು ಅಂತ ಲೆಕ್ಕ.

ಜಾಗ ಎಲ್ಲಿ? ಸಿಮೆಂಟು ಹಾಕಿದ ಅಂಗಳ ಬೇಡ, ಅಡಿಕೆ ತೋಟ ಖಂಡಿತ ಬೇಡ. ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು, ಚರಂಡಿ, ಹಾಳೆಯ ಮೇಲೆ ಜಾರಿಕೆ, ಕಟ್ಟೆ ಇಲ್ಲದ ಕೆರೆ. ನಮ್ಮ ಕಡೆ ತೋಟ ಅಂದರೆ ಮೆಟ್ಟಿಲು ಮೆಟ್ಟಿಲು. ಒಂದು ತಟ್ಟಿನಿಂದ ಕೆಳಗಿನ ತಟ್ಟಿಗೆ ಚಕ್ರ ಜಾರಿದರೆ ಮುಗಿಯಿತು. ಕೊಯ್ಲಾಗಿ ಒಣಗಿದ ಗದ್ದೆ ಇದ್ದರೆ ಅದಕ್ಕಿಂತ ಒಳ್ಳೆಯ ಮೈದಾನ ಇಲ್ಲ. ಮಣ್ಣು ಮೆತ್ತಗೆ, ನೆಲ ಸಮತಟ್ಟು. ಹುಣಿ (ಗದ್ದೆಯ ಬದು) ಹತ್ತಿಸಬಾರದು ಅಂತ ಮೊದಲೇ ಹೇಳಿ. ನಾಲ್ಕು ಅಡಿಕೆ ಹಾಳೆ ಇಟ್ಟು ಅದರ ನಡುವೆ ಎಂಟು ಬರೆದ ಹಾಗೆ ಓಡಿಸಲಿ. ಕಣ್ಣು ಚಕ್ರದ ಮೇಲೆ ಅಲ್ಲ, ಹೋಗಬೇಕಾದ ಕಡೆ ಇರಬೇಕು. ಮೈ ಒಳಬದಿಗೆ ವಾಲುತ್ತದೆಯಾ ಅಂತ ನೀವು ಎದುರಿನಿಂದ ನೋಡಿ.

ಒಂದು ವಿಷಯ ಮರೆಯುವವರೇ ಜಾಸ್ತಿ: ಗಾಳಿ. ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ಹಾಕುತ್ತೇವೆ. ಕ್ವಾಡ್‌ಗೆ ಬೇಕಾದ್ದು ಹೆಚ್ಚಿನವಕ್ಕೆ 3ರಿಂದ 5. ಎಷ್ಟು ಅಂತ ಟೈರಿನ ಮೇಲೋ ಸ್ಟಿಕ್ಕರಿನ ಮೇಲೋ ಬರೆದಿರುತ್ತದೆ. ಪಂಚರ್ ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗ ಅಭ್ಯಾಸಬಲದಲ್ಲಿ ಸ್ಕೂಟರಿಗೆ ಹಾಕಿದಷ್ಟು ಹಾಕಿಬಿಡುತ್ತಾನೆ. ಆಮೇಲೆ ಗಾಡಿ ಸಣ್ಣ ಕಲ್ಲಿಗೂ ಪುಟಿಯುತ್ತದೆ. ಎರಡು ಬದಿಗೆ ಬೇರೆ ಬೇರೆ ಗಾಳಿ ಇದ್ದರೆ ಒಂದು ಕಡೆ ಎಳೆಯುತ್ತದೆ. ಕಡಿಮೆ ಒತ್ತಡ ಅಳೆಯುವ ಗೇಜ್ ಬೇರೆಯೇ ಸಿಗುತ್ತದೆ, ಒಂದು ತರಿಸಿಟ್ಟುಕೊಳ್ಳಿ. ಹತ್ತುವ ಮೊದಲು ಪ್ರತಿ ಸಲ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ಲಿವರ್ ಒತ್ತಿ ಬಿಡಲಿ. ಟಕ್ ಅಂತ ವಾಪಸು ಬರಬೇಕು. ಕೇಬಲ್ ಸಿಕ್ಕಿಕೊಂಡು ನಿಧಾನಕ್ಕೆ ಬಂದರೆ ಆ ದಿನ ಗಾಡಿ ಓಡಿಸುವುದು ಬೇಡ.

ಗುಡ್ಡೆ ಹತ್ತಿಸುವುದು ಈ ವರ್ಷದ ಪಾಠವಲ್ಲ. ಅವನು ಕೇಳುತ್ತಾನೆ. ಬೇಡ ಅನ್ನಿ. ಭಾವನವರಿಗೂ ಅದೇ ಮಾತು.

*ಪ್ರಶ್ನೆ: ಸ್ಕೂಟರಿನ ಹೆಲ್ಮೆಟ್ ಸಾಕಾ? ಬರೀ ಮನೆ ಹತ್ತಿರ ಓಡಿಸುವುದಲ್ಲವೇ?*
*– ನೀರ್ಚಾಲು*

ಐಎಸ್‌ಐ ಗುರುತು, ಐಎಸ್ 4151 ಅಂತ ಬರೆದ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಆದರೆ ಸಾಕು. ಅರ್ಧ ತಲೆಯ ಟೊಪ್ಪಿ ಬೇಡ. ಮಗುವಿನ ತಲೆಗೆ ಮಗುವಿನ ಅಳತೆಯದೇ ಬೇಕು. ಪಟ್ಟಿ ಹಾಕಿ, ಹೆಲ್ಮೆಟ್ ಹಿಡಿದು ಆಚೀಚೆ ಅಲ್ಲಾಡಿಸಿ. ಕೆನ್ನೆಯ ಚರ್ಮವೂ ಜೊತೆಗೆ ಎಳೆದರೆ ಸರಿ ಇದೆ. ಹೆಲ್ಮೆಟ್ ಮಾತ್ರ ತಿರುಗಿ ಮೂಗು ಕಿವಿಯ ಹತ್ತಿರ ಹೋದರೆ ದೊಡ್ಡದು. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಕಣಕಾಲು ಮುಚ್ಚುವ ಶೂ. ಉದ್ದ ತೋಳು, ಉದ್ದ ಪ್ಯಾಂಟು, ಗ್ಲೌಸ್. ಸೆಕೆ ಆಗುತ್ತದೆ, ಗೊತ್ತು. ನಮ್ಮೂರಿನ ಮುರಕಲ್ಲಿನ ಮೇಲೆ ಮೊಣಕೈ ಉಜ್ಜಿದವರನ್ನು ಕೇಳಿ ನೋಡಿ. ಮನೆ ಹತ್ತಿರ ಅಂತ ತಲೆ ಗಟ್ಟಿಯಾಗುವುದಿಲ್ಲವಲ್ಲ!

*ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಅಣ್ಣನಿಗೆ ಕ್ವಾಡ್ ಓಡಿಸಲು ಬಿಡುತ್ತಾರೆ. ನನ್ನನ್ನು ಅವನ ಹಿಂದೆ ಕೂರಿಸುತ್ತಾರೆ. ಹುಡುಗಿಯರಿಗೆ ಯಾಕೆ ಅಂತ ಅಜ್ಜಿ ಹೇಳುತ್ತಾರೆ. ನಾನು ಕಲಿಯಬಾರದಾ?*
*– ಮುಳ್ಳೇರಿಯದ ಓದುಗಾರ್ತಿ*

ಕಲಿಯಬಹುದು ಮಗಳೇ. ನಿನ್ನ ವಯಸ್ಸಿಗೆ, ಎತ್ತರಕ್ಕೆ ಹೊಂದುವ ಗಾಡಿ ಆಗಿರಬೇಕು, ದೊಡ್ಡವರು ಎದುರಿಗೆ ಇರಬೇಕು. ಅಷ್ಟು ಅಣ್ಣನಿಗೂ ಬೇಕು. ಲಿವರ್ ಒತ್ತುವ ಹೆಬ್ಬೆರಳು ಹುಡುಗನದೋ ಹುಡುಗಿಯದೋ ಅಂತ ಗಾಡಿಗೆ ಗೊತ್ತಾಗುವುದಿಲ್ಲ ಅಂತ ಅಜ್ಜಿಗೆ ಹೇಳು. ಮೆಲ್ಲಗೆ ಹೇಳು.

ಆದರೆ ಇವತ್ತೇ ನಿಲ್ಲಿಸಬೇಕಾದ್ದು ಹಿಂದೆ ಕೂರುವುದು. ಹೆಚ್ಚಿನ ಕ್ವಾಡ್‌ಗಳು ಒಬ್ಬರಿಗೆ ಮಾಡಿದವು. ಸೀಟು ಉದ್ದ ಇರುವುದು ಇಬ್ಬರು ಕೂರಲಿ ಅಂತ ಅಲ್ಲ. ಓಡಿಸುವವನು ಹಿಂದೆ ಮುಂದೆ, ಆಚೆ ಈಚೆ ಸರಿಯಲಿ ಅಂತ. ನೀನು ಹಿಂದೆ ಕೂತರೆ ಅಣ್ಣನಿಗೆ ಸರಿಯಲು ಜಾಗ ಇಲ್ಲ. ನಿನ್ನ ಭಾರವೆಲ್ಲ ಹಿಂದಿನ ಚಕ್ರದ ಮೇಲೆ. ಏರು ಹತ್ತುವಾಗ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚಿದರೆ ಮೊದಲು ಅಡಿಗೆ ಬೀಳುವವಳು ನೀನು.

ಇನ್ನೊಂದು ಮಾತು. ಹಿಂದಿನ ಚೈನು, ಆಕ್ಸಲ್ ಎಲ್ಲ ಕಾಲಿನ ಹತ್ತಿರವೇ ತಿರುಗುತ್ತಿರುತ್ತವೆ. ಶಾಲು, ಬಿಟ್ಟ ಜಡೆ, ಸಡಿಲ ಲೇಸ್ ಯಾವುದೂ ಹೊರಗೆ ಹಾರಾಡಬಾರದು. ಶಾಲು ಮನೆಯಲ್ಲಿ ಬಿಟ್ಟು ಬಾ. ಜಡೆ ಅಂಗಿಯ ಒಳಗೆ ಹಾಕು. ಅಮ್ಮನಿಗೆ ಈ ಪುಟ ತೋರಿಸು. ಪೆರ್ಲದ ಅಕ್ಕನಿಗೆ ಬರೆದದ್ದು ನಿನಗೂ ಆಗುತ್ತದೆ.

*ಪ್ರಶ್ನೆ: ಮಗನಿಗೆ 15. ಚೆನ್ನಾಗಿ ಓಡಿಸುತ್ತಾನೆ. ಮನೆಯಿಂದ ಕಡಲತೀರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ ಸ್ವಲ್ಪ ಹೋಗಬೇಕು, ಅಷ್ಟೇ. ಗುರ್ತದ ಪೊಲೀಸರು ಇದ್ದಾರೆ. ತೊಂದರೆ ಆಗಲಿಕ್ಕಿಲ್ಲ ಅಲ್ವಾ?*
*– ಉಪ್ಪಳದ ಒಬ್ಬ ತಂದೆ*

ಆಗುತ್ತದೆ ಅಣ್ಣಾ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಬಂದು 199ಎ ಅಂತ ಒಂದು ಕಲಂ ಸೇರಿದೆ. ಪ್ರಾಯ ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪುಗಾರ ಹೆತ್ತವರು ಅಥವಾ ಗಾಡಿಯ ಯಜಮಾನ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸನ್ಸ್ ಸಿಗುವುದಿಲ್ಲ. "ನನಗೆ ಗೊತ್ತೇ ಇರಲಿಲ್ಲ" ಅಂತ ನೀವೇ ಸಾಬೀತು ಮಾಡಬೇಕು. ಈ ಪತ್ರ ಬರೆದ ಮೇಲೆ ಅದೂ ಕಷ್ಟ.

ರಿಜಿಸ್ಟ್ರೇಷನ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗಕ್ಕೆ ಇಳಿಸುವುದೇ ಬೇರೆ ತಪ್ಪು. ಸಾರ್ವಜನಿಕ ಜಾಗ ಅಂದರೆ ಬರೀ ಟಾರು ರಸ್ತೆ ಅಲ್ಲ. ಜನರಿಗೆ ಹೋಗಲು ಹಕ್ಕಿರುವ ಯಾವ ಜಾಗವೂ ಹೌದು. ಕಡಲತೀರವೂ ಬಂತು. ಗುರ್ತದ ಪೊಲೀಸರು ಚಹಾ ಕುಡಿಸಿ ಕಳುಹಿಸಿದರೂ, ಬಲೆ ಒಣಗಿಸುತ್ತಿರುವ ಯಾರಿಗಾದರೂ ತಾಗಿದರೆ ಆಸ್ಪತ್ರೆ ಬಿಲ್ಲಿನಿಂದ ಹಿಡಿದು ಪರಿಹಾರದವರೆಗೆ ನಿಮ್ಮ ಕಿಸೆಯಿಂದಲೇ.

ಕಾನೂನು ಬಿಡಿ. ಗಾಡಿಯೇ ಟಾರಿಗೆ ಒಗ್ಗುವುದಿಲ್ಲ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರುವುದರಿಂದ ತಿರುವು ಸಲೀಸು. ಟಾರಿನಲ್ಲಿ ಆ ಮೆತ್ತಗಿನ ಟೈರು ಕಚ್ಚಿ ಹಿಡಿಯುತ್ತದೆ, ಜಾರುವುದಿಲ್ಲ. ಹಾಗಾಗಿ ಮಗುಚುತ್ತದೆ. ಪಕ್ಕದಲ್ಲೇ ಎನ್‌ಎಚ್ 66ರ ಲಾರಿಗಳು. ತಲೆಗೆ ಪೆಟ್ಟಾದರೆ ತಲಪಾಡಿ ದಾಟಿ ಮಂಗಳೂರಿಗೆ ಓಡುವ ಜನ ನಾವು. ಅಷ್ಟು ಹೊತ್ತು ಇರುತ್ತದೆ ಅಂತ ಯಾರು ಹೇಳಿದರು? ಚೆನ್ನಾಗಿ ಓಡಿಸುವ ಹುಡುಗ ಅಂದಿರಿ. ಪಿಕಪ್‌ನಲ್ಲಿ ಗಾಡಿ ಹೇರಿಕೊಂಡು, ಜನ ಇಲ್ಲದ ಖಾಸಗಿ ಜಾಗಕ್ಕೆ, ಯಜಮಾನರ ಒಪ್ಪಿಗೆ ಪಡೆದು ಕರೆದುಕೊಂಡು ಹೋಗಿ. ನೀವೂ ಅಲ್ಲೇ ನಿಂತಿರಿ.

*ಪ್ರಶ್ನೆ: ಬೇಕಲ ಕೋಟೆ ನೋಡಲು ಹೋಗುವವರಿದ್ದೇವೆ. ಟಿಕೆಟ್ ಕೊಟ್ಟು ಎಟಿವಿ ಓಡಿಸುವ ಕಡೆ ಮಕ್ಕಳನ್ನು ಹತ್ತಿಸಬಹುದಾ?*
*– ಬದಿಯಡ್ಕ*

ಯಾವ ಊರಿನ ಟ್ರ್ಯಾಕ್ ಆದರೂ ಟಿಕೆಟ್ ತೆಗೆಯುವ ಮೊದಲು ಹತ್ತು ನಿಮಿಷ ನಿಂತು ನೋಡಿ. ಮಗುವಿಗೆ ಮಗುವಿನ ಗಾಡಿ ಇದೆಯಾ, ದೊಡ್ಡದರಲ್ಲೇ ಅಪ್ಪನ ಮುಂದೆ ಕೂರಿಸುತ್ತಾರಾ? ಹೆಲ್ಮೆಟ್ ಪಟ್ಟಿ ಹಾಕಿಸುತ್ತಾರಾ, ಸುಮ್ನೆ ತಲೆ ಮೇಲೆ ಇಡುತ್ತಾರಾ? ನಿಲ್ಲಿಸುವುದು ಹೇಗೆ ಅಂತ ಮೊದಲು ಹೇಳಿಕೊಡುತ್ತಾರಾ? ಒಬ್ಬನ ಹಿಂದೆ ಒಬ್ಬನನ್ನು ಎಷ್ಟು ದೂರ ಬಿಡುತ್ತಾರೆ? ಇವುಗಳಲ್ಲಿ ಎರಡಕ್ಕೆ ಉತ್ತರ ಸರಿ ಇಲ್ಲದಿದ್ದರೆ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ ಮುಂದೆ ಹೋಗಿ. ಸಹಿ ಹಾಕಿಸುವ ಕಾಗದ ಅವರ ರಕ್ಷಣೆಗೆ ಇರುವುದು, ನಿಮ್ಮ ಮಗುವಿನ ರಕ್ಷಣೆಗಲ್ಲ.

*ಪ್ರಶ್ನೆ: ನಮ್ಮ ಮನೆಯ ಮೇಲಿನ ಪದವಿನಲ್ಲಿ ಆದಿತ್ಯವಾರ ಬಂತೆಂದರೆ ಹುಡುಗರ ಕ್ವಾಡ್, ಬೈಕುಗಳ ಗದ್ದಲ. ದನಗಳು ಹೆದರಿ ಹಗ್ಗ ಕಡಿಯುತ್ತವೆ. ಹೇಳಿದರೆ "ಇದು ನಿಮ್ಮ ಜಾಗವಾ ಅಜ್ಜಾ?" ಅಂತ ಕೇಳುತ್ತಾರೆ. ಏನು ಮಾಡಲಿ?*
*– ಪೈವಳಿಕೆ ಕಡೆಯ ಹಿರಿಯರು*

ನಿಮ್ಮ ಜಾಗ ಅಲ್ಲ, ಸರಿ. ಅವರದ್ದೂ ಅಲ್ಲವಲ್ಲ ಅಜ್ಜಾ.

ಹುಡುಗರು ಈ ಪುಟ ಓದುತ್ತಾರೆ ಅಂತ ನಂಬಿ ಅವರಿಗೇ ಹೇಳುತ್ತೇನೆ. ಪದವು ನೋಡಲು ಬೋಳು ಬಯಲು. ಮುರಕಲ್ಲಿನ ಮೇಲೆ ಬೆರಳು ದಪ್ಪದ ಮಣ್ಣು, ಅದರ ಮೇಲೆ ಹುಲ್ಲು. ಮಳೆಗಾಲದಲ್ಲಿ ನೀರು ನಿಂತು ಪಳ್ಳ ಆಗುತ್ತದೆ, ಸುತ್ತ ಸಣ್ಣ ಸಣ್ಣ ಹೂವು. ಒದ್ದೆ ನೆಲದಲ್ಲಿ ಒಮ್ಮೆ ಚಕ್ರ ತಿರುಚಿದರೆ ಆ ಮಣ್ಣು ಕಿತ್ತು ಹೋಗಿ ಕಲ್ಲು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಕಲ್ಲಿನ ಬಣ್ಣದ್ದೇ ಮೊಟ್ಟೆ. ಗಾಡಿಯ ಮೇಲೆ ಕೂತವರಿಗೆ ಕಾಣುವುದೇ ಇಲ್ಲ.

ಹುಡುಗರ ಮೂಳೆಗೂ ಇಲ್ಲಿ ಕೆಲಸ ಇದೆ. ಪದವು ಅಂದ ಮೇಲೆ ಹಳೆಯ ಕಲ್ಲಿನ ಕೋರೆಗಳು ಇರುತ್ತವೆ. ಚೌಕಕ್ಕೆ ಕಡಿದ ಹೊಂಡ, ಅಂಚಿನವರೆಗೂ ಮುಳಿಹುಲ್ಲು. ಹತ್ತಿರ ಬಂದ ಮೇಲೆಯೇ ಗೊತ್ತಾಗುವುದು. ಬೇಲಿ ತಂತಿ ಕುತ್ತಿಗೆಯ ಎತ್ತರಕ್ಕೆ ಇರುತ್ತದೆ, ಸಂಜೆ ಬೆಳಕಿನಲ್ಲಿ ಕಾಣುವುದಿಲ್ಲ. ಹೊಸ ಜಾಗವನ್ನು ಮೊದಲು ಕಾಲಿನಲ್ಲಿ ನಡೆದು ನೋಡಬೇಕು. ಗಾಡಿ ಹೋಗುವ ದಾರಿ ಇದ್ದರೆ ಅದರಲ್ಲೇ ಹೋಗಬೇಕು. ದನ ಕಂಡರೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ ಅದು ದಾಟುವ ತನಕ ಕಾಯಬೇಕು. ಇಳಿಜಾರಿನಲ್ಲಿ ಗಾಡಿ ನಿಂತುಬಿಟ್ಟರೆ ಬ್ರೇಕ್ ಹಿಡಿದು ಮೇಲಿನ ಬದಿಗೆ ಇಳಿಯಬೇಕು. ಮಗುಚುತ್ತದೆ ಅನ್ನಿಸಿದರೆ ಹಿಡಿದು ನಿಲ್ಲಿಸಲು ಹೋಗಬಾರದು. ಬಿಟ್ಟು ಮೇಲಕ್ಕೆ ಹಾರಬೇಕು. ದೊಡ್ಡ ಕ್ವಾಡ್‌ಗಳು ಮುನ್ನೂರು ಕೆಜಿ ಹತ್ತಿರ ಇರುತ್ತವೆ. ಕಾಲು ಕೊಟ್ಟು ತಡೆಯುವ ಸಾಮಾನಲ್ಲ ಅದು.

ನೀವು ಮಾಡಬಹುದಾದ್ದು: ಬೈಗಳು ಬೇಡ, ಬೈದಷ್ಟೂ ಅವರಿಗೆ ರಂಗು ಏರುತ್ತದೆ. ಒಂದು ಸಲ ಕರೆದು ಮಜ್ಜಿಗೆ ಕೊಟ್ಟು, ಕೋರೆ ಎಲ್ಲೆಲ್ಲಿದೆ ಅಂತ ತೋರಿಸಿ. ಹಟ್ಟಿಯಿಂದ ದೂರ, ದನ ಮೇಯದ ಹೊತ್ತಿನಲ್ಲಿ ಅಂತ ಒಂದು ಮಾತಾಗಲಿ. ಅವರ ಮನೆಯ ದೊಡ್ಡವರನ್ನೂ ಕರೆಸಿ. ಉಪ್ಪಳದ ಅಣ್ಣನಿಗೆ ಹೇಳಿದ 199ಎ ಕಲಮನ್ನು ಓದಿ ಹೇಳಿದರೆ ಅವರು ಬೇಗ ಬರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗಾಡಿಗಳ ಫೋಟೋ, ಹೊತ್ತು, ದಿನ ಬರೆದಿಟ್ಟು ಠಾಣೆಗೆ ಅರ್ಜಿ ಕೊಡಿ. ಜಾಗ ಸರಕಾರದ್ದಾದರೆ ವಿಲೇಜ್ ಆಫೀಸಿಗೂ ಒಂದು ಪ್ರತಿ ಹೋಗಲಿ, ಸೀಲು ಹಾಕಿಸಿಕೊಂಡ ನಕಲು ನಿಮ್ಮ ಹತ್ತಿರ ಇರಲಿ.